ಓಲ್ಡುಪಾಯ್ ಕಮರಿಗೆ ಅರ್ಧ ಗಂಟೆ ಸಾಲದು

ಉತ್ತರ ತಾಂಜಾನಿಯದ ಸಫಾರಿ ಪ್ಯಾಕೇಜುಗಳ ಪಟ್ಟಿಯಲ್ಲಿ ಓಲ್ಡುವಾಯ್ (ಮಾಸಾಯಿಗಳ ಬಾಯಲ್ಲಿ ಓಲ್ಡುಪಾಯ್) ಕಮರಿಗೆ ಸಾಮಾನ್ಯವಾಗಿ ಸಿಗುವುದು ಒಂದೇ ಸಾಲು. ಬೆಳಿಗ್ಗೆ ಗೊರೊಂಗೊರೊ, ಸಂಜೆ ಸೆರೆಂಗೆಟಿ, ನಡುವೆ ಸಮಯ ಉಳಿದರೆ ಓಲ್ಡುವಾಯ್ ವಸ್ತುಸಂಗ್ರಹಾಲಯಕ್ಕೆ ಅರ್ಧ ಗಂಟೆ. ನಮ್ಮ ಕೈಗೆ ಬಂದ ಪಟ್ಟಿಯೂ ಹಾಗೆಯೇ ಇತ್ತು. ಸಿಂಹ, ಆನೆ, ಜಿರಾಫೆಗಳನ್ನು ನೋಡಲು ಹೊರಟವರಿಗೆ ಈ ಕಮರಿಯನ್ನು ಕಾಲು ಚಾಚಿಕೊಳ್ಳುವ ತಂಗುದಾಣದಂತೆ ತೋರಿಸಿ ಮುಂದಕ್ಕೆ ಓಡಿಸುವ ಈ ಪದ್ಧತಿ ಎಷ್ಟು ತಪ್ಪು ಎಂಬುದು ಅಲ್ಲಿ ಮೂರೂವರೆ ಗಂಟೆ ಕಳೆದ ಮೇಲೆ ನನಗೆ ಮನವರಿಕೆಯಾಯಿತು. ಇಲ್ಲಿ ನಾನು ವಿಮರ್ಶೆಗೆ ತೆಗೆದುಕೊಂಡಿರುವುದು ಆ ವಸ್ತುಸಂಗ್ರಹಾಲಯವನ್ನು, ಅಲ್ಲಿನ ಮಾರ್ಗದರ್ಶಿಯ ವಿವರಣೆಯನ್ನು ಮತ್ತು ಕಮರಿಯ ಒಳಗಿನ ಸಣ್ಣ ಪ್ರಯಾಣವನ್ನು. ಈ ಮೂರರ ಹಿಂದೆಯೂ ಇರುವುದು ಇಲ್ಲಿ ಆದಿಮಾನವರ ಪಳೆಯುಳಿಕೆ ಮತ್ತು ಕಲ್ಲಿನ ಉಪಕರಣಗಳನ್ನು ಹುಡುಕಿ ತೆಗೆದ ಮೇರಿ ಲೀಕಿ ಎಂಬ ಹೆಣ್ಣುಮಗಳ ಹತ್ತಿರ ಹತ್ತಿರ 50 ವರ್ಷಗಳ ದುಡಿಮೆ; ಅವರ ಬದುಕನ್ನು ಬದಿಗಿಟ್ಟು ಈ ಜಾಗದ ಬೆಲೆ ಕಟ್ಟಲು ಬರುವುದಿಲ್ಲ.

ಮೊದಲು ತಕರಾರನ್ನು ಹೇಳಿ ಮುಗಿಸುತ್ತೇನೆ. ನಾವು ಹೋದದ್ದು ನಾಲ್ವರು: ನಾನು, ನನ್ನ ಹೆಂಡತಿ, ನೈರೋಬಿಯಲ್ಲಿ ಕೆಲಸದಲ್ಲಿರುವ ಅವಳ ತಮ್ಮ ಮತ್ತು ಅವನ 10 ವರ್ಷದ ಮಗಳು. ಅರುಶಾ ಪಟ್ಟಣದ ಪ್ರವಾಸ ಸಂಸ್ಥೆಯೊಂದು, ಅದರ ಹೆಸರು ಇಲ್ಲಿ ಬೇಡ, ಓಲ್ಡುವಾಯ್‌ನಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು ಎಂದು ಫೋನಿನಲ್ಲಿ ಒಪ್ಪಿಕೊಂಡಿತ್ತು. ಆದರೆ ಚಾಲಕನ ಕೈಯಲ್ಲಿದ್ದ ಕಾಗದದಲ್ಲಿ 30 ನಿಮಿಷ ಎಂದು ಬರೆದಿತ್ತು. ಸಸ್ಯಾಹಾರ ಎಂದು ಮೂರು ಸಲ ಹೇಳಿದ್ದರೂ ಊಟದ ಡಬ್ಬಿಯಲ್ಲಿ ಕೋಳಿಯ ಕಾಲು ಮತ್ತು ಬೇಯಿಸಿದ ಮೊಟ್ಟೆ ಬಂದವು. ಆ ದಿನ ನಮ್ಮನ್ನು ಕಾಪಾಡಿದ್ದು ಚೀಲದಲ್ಲಿದ್ದ ಚಕ್ಕುಲಿ, ಬಾಳೆಹಣ್ಣು ಮತ್ತು ಹಿಂದಿನ ರಾತ್ರಿ ಕಟ್ಟಿಕೊಂಡಿದ್ದ ಚಪಾತಿ. ಚಾಲಕ ಮಾತ್ರ ಒಳ್ಳೆಯವನು. "ಮ್ಜೀ, ಕತ್ತಲಾಗುವ ಮುಂಚೆ ಸೆರೆಂಗೆಟಿಯ ಬಿಡಾರ ಸೇರಿದರೆ ಸಾಕು, ಉಳಿದ ಹೊತ್ತು ನಿಮ್ಮದು" ಎಂದು, ಹಿರಿಯರನ್ನು ಕರೆಯುವ ಸ್ವಾಹಿಲಿಯ ಮರ್ಯಾದೆಯ ಮಾತಿನಲ್ಲಿ ನನ್ನನ್ನು ಕರೆದು, ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ. ಮುಂದಿನದೆಲ್ಲ ಸಾಧ್ಯವಾದದ್ದು ಅವನಿಂದ.

ಗೊರೊಂಗೊರೊದ ಎತ್ತರದಿಂದ ಇಳಿದು ಸೆರೆಂಗೆಟಿಯ ಕಡೆಗೆ ಸಾಗುವ ಜಲ್ಲಿರಸ್ತೆಯಲ್ಲಿ, ಮೈಮೂಳೆಗಳೆಲ್ಲ ಸಡಿಲವಾಗುವಂತೆ ಕುಲುಕಿಸಿಕೊಂಡು ಹೋದ ಮೇಲೆ, ಬಲಕ್ಕೆ ಒಂದು ದಾರಿ ಒಡೆಯುತ್ತದೆ. ಆ ಕೂಡುದಾರಿಯಲ್ಲಿ ಎತ್ತರದ ಪೀಠದ ಮೇಲೆ ಎರಡು ದೈತ್ಯಾಕಾರದ ತಲೆಬುರುಡೆಗಳು ನಿಂತಿವೆ. ಮೇರಿ ಲೀಕಿಯವರ ಪ್ರಸಿದ್ಧ ತಲೆಬುರುಡೆ ಶೋಧಕ್ಕೆ 60 ವರ್ಷ ತುಂಬಿದ 2019ರಲ್ಲಿ ನಿಲ್ಲಿಸಿದ ಸ್ಮಾರಕ ಅದು. ಮರವೂ ಇಲ್ಲದ ಬಯಲಿನಲ್ಲಿ ಎರಡು ಬುರುಡೆಗಳು ನಮ್ಮನ್ನು ನೋಡುತ್ತಿರುವುದನ್ನು ಕಂಡು ಹುಡುಗಿ ಜೀಪಿನಲ್ಲಿ ಎದ್ದು ನಿಂತಳು. ಅಲ್ಲಿಂದ ಕೆಲವೇ ಕಿಲೋಮೀಟರು ಒಳಕ್ಕೆ ಹೋದರೆ ಕಮರಿಯ ತುಟಿಯಲ್ಲಿಯೇ ವಸ್ತುಸಂಗ್ರಹಾಲಯವಿದೆ. ಪ್ರವೇಶಧನವನ್ನು ಗೊರೊಂಗೊರೊ ಸಂರಕ್ಷಿತ ಪ್ರದೇಶದ ಶುಲ್ಕವಲ್ಲದೆ ಪ್ರತ್ಯೇಕವಾಗಿ ಕೊಡಬೇಕು. ಪ್ಯಾಕೇಜಿನ ಬೆಲೆಯಲ್ಲಿ ಅದು ಸೇರಿದೆಯೋ ಇಲ್ಲವೋ ಎಂಬುದನ್ನು ಮುಂಚೆಯೇ ಕೇಳಿ ತಿಳಿದಿರುವುದು ಒಳ್ಳೆಯದು.

ಮಾರ್ಗದರ್ಶಿ ಮಾಸಾಯಿ ಸಮುದಾಯದ ಯುವಕ. ಅವನು ಮೊದಲು ತೋರಿಸಿದ್ದು ಬುರುಡೆಯನ್ನೂ ಅಲ್ಲ, ಕಲ್ಲನ್ನೂ ಅಲ್ಲ. ಬೇಲಿಯ ಬದಿಯಲ್ಲಿ ಬೆಳೆದಿದ್ದ ಒಂದು ಗಿಡವನ್ನು. ನಮ್ಮ ಹೊಲದ ಬದುಗಳ ಕತ್ತಾಳೆಯನ್ನು ನೆನಪಿಸುವ, ಈಟಿಯಂತೆ ತುದಿ ಚೂಪಾದ, ಬೀಸಣಿಗೆಯಂತೆ ಹರಡಿದ ದಪ್ಪ ಎಲೆಗಳ ಆ ಗಿಡಕ್ಕೆ ಮಾಸಾಯಿ ಭಾಷೆಯಲ್ಲಿ ಓಲ್ಡುಪಾಯ್ ಎಂದು ಹೆಸರು. 1911ರಲ್ಲಿ ಇಲ್ಲಿಗೆ ಬಂದ ಕಾಟ್‌ವಿಂಕೆಲ್ ಎಂಬ ಜರ್ಮನ್ ವೈದ್ಯ ಅದನ್ನು ಓಲ್ಡುವಾಯ್ ಎಂದು ಕೇಳಿಸಿಕೊಂಡದ್ದರಿಂದ ಜಗತ್ತಿನ ಪಠ್ಯಪುಸ್ತಕಗಳಲ್ಲೆಲ್ಲ ಆ ತಪ್ಪೇ ಉಳಿಯಿತು. ಯುವಕ ಒಂದು ಒಣಗಿದ ಎಲೆಯನ್ನು ಉಗುರಿನಿಂದ ಸೀಳಿ, ನಾರನ್ನು ಎಳೆದು, ತೊಡೆಯ ಮೇಲೆ ಹೊಸೆದು ಗೇಣುದ್ದದ ಹುರಿಮಾಡಿ ಹುಡುಗಿಯ ಕೈಗೆ ಕೊಟ್ಟ. ಅವಳು ಅದನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಊರಿನವರೆಗೂ ತಂದಿದ್ದಾಳೆ.

ವಿವರಣೆ ನಡೆಯುವುದು ಕಮರಿಗೆ ಎದುರಾಗಿರುವ ನೆರಳಿನ ಕಟ್ಟೆಯಲ್ಲಿ. ಈ ಕಮರಿ ಸುಮಾರು 48 ಕಿಲೋಮೀಟರು ಉದ್ದ, 90 ಮೀಟರಿನಷ್ಟು ಆಳ. ನಡುವೆ ಕೆಂಪು ಕಲ್ಲಿನ ಒಂಟಿ ಗುಡ್ಡವೊಂದು ಕೋಟೆಯ ಬುರುಜಿನಂತೆ ಎದ್ದು ನಿಂತಿದೆ. ಹಳೆಯ ಮನೆಯ ಗೋಡೆಯನ್ನು ಕೆರೆದಾಗ ಸುಣ್ಣ, ಅದರ ಕೆಳಗೆ ನೀಲಿ, ಅದರ ಕೆಳಗೆ ಮತ್ತೆ ಸುಣ್ಣ ಕಾಣಿಸುವಂತೆ, ಕಮರಿಯ ಗೋಡೆಯಲ್ಲಿ ಬೂದುಬಣ್ಣ, ಕಂದು, ಕೆಂಪು ಪದರಗಳು ಒಂದರ ಮೇಲೊಂದು ಕುಳಿತಿವೆ. ತಳದಲ್ಲಿ ಕಪ್ಪು ಬಸಾಲ್ಟ್ ಶಿಲೆ. ಅದರ ಮೇಲೆ ಒಂದನೆಯ ಪದರ, ಎರಡನೆಯದು, ಕೆಂಪಾದ ಮೂರನೆಯದು, ನಾಲ್ಕನೆಯದು ಎಂದು ಎಣಿಕೆ ಮೇಲಕ್ಕೆ ಏರುತ್ತದೆ. ತಳ ಸುಮಾರು 20 ಲಕ್ಷ ವರ್ಷ ಹಳೆಯದು. ಆಗ ಇಲ್ಲಿ ಒಂದು ಕೆರೆಯಿತ್ತು. ಸುತ್ತಲಿನ ಜ್ವಾಲಾಮುಖಿಗಳು ಆಗಾಗ ಬೂದಿ ಉಗುಳುತ್ತಿದ್ದವು. ಕೆರೆಯಂಚಿನಲ್ಲಿ ಸತ್ತದ್ದು, ಬಿದ್ದದ್ದು, ಬಿಟ್ಟುಹೋದದ್ದು ಎಲ್ಲವೂ ಆ ಬೂದಿಯಡಿ ಮುಚ್ಚಿಹೋಯಿತು. ಬಹಳ ಕಾಲದ ಮೇಲೆ ಹೊಳೆಯೊಂದು ಈ ಪದರಗಳನ್ನು ಕೊರೆಯುತ್ತ ಹೋಗಿ, ಮನುಷ್ಯರು ಅಗೆಯದೆಯೇ ಅವುಗಳ ಅಂಚು ಹೊರಕ್ಕೆ ಕಾಣುವಂತೆ ಮಾಡಿತು. ಮಾರ್ಗದರ್ಶಿ ಇದನ್ನೆಲ್ಲ ಬಾಯಿಪಾಠ ಒಪ್ಪಿಸುವವನಂತೆ ಹೇಳಲಿಲ್ಲ. ಒಂದೊಂದು ಪದರಕ್ಕೂ ಬೆರಳು ತೋರಿಸಿ, ನಮ್ಮ ಕಣ್ಣು ಅಲ್ಲಿಗೆ ಹೋಗುವವರೆಗೆ ಕಾದು, ಆಮೇಲೆ ಮುಂದಿನ ಮಾತು ಆಡಿದ. ಇಂತಹ ವಿವರಣೆಗೆ ಕೊಟ್ಟ ಹಣ ಸಾರ್ಥಕ.

ಮೇರಿ ಹುಟ್ಟಿದ್ದು 1913ರ ಫೆಬ್ರವರಿ 6ರಂದು, ಲಂಡನ್ನಿನಲ್ಲಿ. ತಂದೆ ಅರ್ಸ್ಕಿನ್ ನಿಕೋಲ್ ನಿಸರ್ಗದೃಶ್ಯಗಳ ಚಿತ್ರಕಾರರು. ಚಿತ್ರ ಬರೆಯುವುದಕ್ಕಾಗಿ ಕುಟುಂಬವನ್ನು ಕಟ್ಟಿಕೊಂಡು ಯುರೋಪಿನಲ್ಲಿ ಅಲೆಯುತ್ತಿದ್ದರು. ದಕ್ಷಿಣ ಫ್ರಾನ್ಸಿನ ಆದಿಮಾನವರ ಗುಹೆಗಳನ್ನು ಮೇರಿ ನೋಡಿದ್ದು ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ. 1926ರಲ್ಲಿ ತಂದೆ ತೀರಿಹೋದ ಮೇಲೆ ತಾಯಿ ಅವರನ್ನು ಕಾನ್ವೆಂಟಿಗೆ ಹಾಕಿದರು, ಅಲ್ಲಿಯವರು ಹೊರಹಾಕಿದರು, ಇನ್ನೊಂದಕ್ಕೆ ಹಾಕಿದರೆ ಅಲ್ಲಿ ರಸಾಯನಶಾಸ್ತ್ರದ ಕೋಣೆಯಲ್ಲಿ ಬೇಕೆಂದೇ ಸ್ಫೋಟ ಮಾಡಿ ಮತ್ತೆ ಹೊರಬಿದ್ದರು. ಓದಿ ಪಡೆದ ಪದವಿ ಅವರಿಗೆ ಕೊನೆಯವರೆಗೂ ಇರಲಿಲ್ಲ. ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟುಗಳನ್ನು ಕೊಟ್ಟದ್ದು ಐವತ್ತು ದಾಟಿದ ಮೇಲೆ. ಅವರ ಬಳಿ ಇದ್ದದ್ದು ತಂದೆಯಿಂದ ಬಂದ ರೇಖೆಯ ಕೈ. ಗರ್ಟ್ರೂಡ್ ಕೇಟನ್ ಥಾಮ್ಸನ್ ಎಂಬ ಪುರಾತತ್ತ್ವಜ್ಞೆಗಾಗಿ ಈಜಿಪ್ಟಿನ ಕಲ್ಲಿನ ಉಪಕರಣಗಳ ಚಿತ್ರ ಬರೆದುಕೊಟ್ಟರು. ಅವರ ಮೂಲಕವೇ 1933ರಲ್ಲಿ, ಪೂರ್ವ ಆಫ್ರಿಕದಲ್ಲಿ ಆದಿಮಾನವರ ಕುರುಹುಗಳನ್ನು ಹುಡುಕುತ್ತಿದ್ದ ಲೂಯಿ ಲೀಕಿಯವರ ಪರಿಚಯವಾಯಿತು. ಕಲ್ಲಿನ ಮೇಲಿನ ಒಂದೊಂದು ಏಟಿನ ಗುರುತನ್ನೂ ಕಾಗದದ ಮೇಲೆ ಎಳೆಯಬೇಕಾದರೆ ಮೊದಲು ಅದನ್ನು ಕಣ್ಣಿನಿಂದ ಬಿಡಿಸಬೇಕು. ನನ್ನ ಎಣಿಕೆಯಲ್ಲಿ, ಯಾವ ವಿಶ್ವವಿದ್ಯಾಲಯವೂ ಕಲಿಸಲಾರದ ತರಬೇತಿ ಅದು. ಮುಂದೆ ಓಲ್ಡುಪಾಯ್‌ನಲ್ಲಿ ಅವರು ಮಾಡಿದ ಕೆಲಸವೆಲ್ಲ ಅದರ ಬೆಳವಣಿಗೆ.

ತಾಯಿಯ ಕಡೆಯಿಂದ ಅವರು ಜಾನ್ ಫ್ರಿಯರ್ ಎಂಬಾತನ ವಂಶದವರು ಎಂಬುದನ್ನೂ ಸೇರಿಸಬೇಕು. ಇಂಗ್ಲೆಂಡಿನ ಹಾಕ್ಸ್‌ನ್ ಎಂಬಲ್ಲಿ ಇಟ್ಟಿಗೆಮಣ್ಣಿನ ಗುಂಡಿಯಿಂದ ಬಂದ ಚೂಪು ಕಲ್ಲುಗಳು ಲೋಹದ ಬಳಕೆಯನ್ನೇ ಅರಿಯದ ಬಹು ಪ್ರಾಚೀನ ಜನರವು ಎಂದು 1797ರಲ್ಲಿಯೇ ಬರೆದು ತಿಳಿಸಿದವನು ಅವನು. ಆಗ ಯಾರೂ ಕಿವಿಗೊಡಲಿಲ್ಲ.

1935ರಲ್ಲಿ ಮೇರಿ ಮೊದಲ ಸಲ ಈ ಕಮರಿಗೆ ಇಳಿದರು. ಮರುವರ್ಷ ಲೂಯಿಯವರನ್ನು ಮದುವೆಯಾದರು. ಮುಂದಿನ ಎರಡು ದಶಕ ಹಣವಿಲ್ಲದ, ನೀರಿಲ್ಲದ, ವರ್ಷಕ್ಕೆ ಕೆಲವೇ ವಾರ ಇಲ್ಲಿ ದುಡಿಯಲು ಸಾಧ್ಯವಾದ ಕಾಲ. ನಡುವೆ 1948ರಲ್ಲಿ ವಿಕ್ಟೋರಿಯಾ ಸರೋವರದ ರುಸಿಂಗಾ ದ್ವೀಪದಲ್ಲಿ ಪ್ರೊಕಾನ್ಸಲ್ ಎಂಬ ಪ್ರಾಚೀನ ವಾನರನ ತಲೆಬುರುಡೆ ಅವರ ಕಣ್ಣಿಗೆ ಬಿತ್ತು. ಓಲ್ಡುಪಾಯ್‌ನಲ್ಲಿ ಮಾತ್ರ ಕಲ್ಲಿನ ಉಪಕರಣಗಳು ರಾಶಿ ರಾಶಿಯಾಗಿ ಸಿಗುತ್ತಿದ್ದರೂ ಅವನ್ನು ಮಾಡಿದವರ ಮುಖ ಸಿಕ್ಕಿರಲಿಲ್ಲ.

ಆ ಮುಖ ಸಿಕ್ಕ ಜಾಗಕ್ಕೆ ಹೋಗಲು ಮಾರ್ಗದರ್ಶಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಕಮರಿಯ ತಳಕ್ಕೆ ಇಳಿಯಬೇಕು. ಬಹುತೇಕ ಪ್ರವಾಸಿಗರು ಇದನ್ನು ಬಿಟ್ಟುಹೋಗುತ್ತಾರೆ, ದಯವಿಟ್ಟು ಬಿಡಬೇಡಿ. ಒಣಗಿದ ಹೊಳೆಯ ಪಾತ್ರವನ್ನು ದಾಟಿ, ಮುಳ್ಳುಜಾಲಿಗಳ ನಡುವೆ ಸ್ವಲ್ಪ ಏರಿದರೆ ಒಂದು ಇಳಿಜಾರು. ಅಲ್ಲಿ ಗಿಡ್ಡನೆಯ ಕಂಬವೊಂದರಲ್ಲಿ ಕೂರಿಸಿದ ಫಲಕ. 1959ರ ಜುಲೈ 17ರಂದು ಎಂ. ಡಿ. ಲೀಕಿ ಇಲ್ಲಿ ತಲೆಬುರುಡೆಯನ್ನು ಕಂಡರು ಎಂಬುದಷ್ಟೇ ಅದರ ಮಾತಿನ ಸಾರ. ಸುತ್ತ ಬೇಲಿಯಿಲ್ಲ, ಅಬ್ಬರದ ಚಿತ್ರಗಳಿಲ್ಲ. ಬಿಸಿಲು, ಬೂದುಮಣ್ಣು, ಒಂದು ಹಕ್ಕಿಯ ಕೂಗು. ನಾನು ಕಾಲಬುಡದಿಂದ ಒಂದು ಕಲ್ಲನ್ನು ಎತ್ತಿಕೊಂಡೆ. ಹೆಬ್ಬೆಟ್ಟು ಕೂರುವಷ್ಟು ತಗ್ಗು ಇತ್ತು, ಒಂದು ಅಂಚು ಒಡೆದಿತ್ತು. ಮಾರ್ಗದರ್ಶಿ ನಕ್ಕು, "ಎಲ್ಲಿಂದ ಎತ್ತಿದಿರೋ ಅಲ್ಲಿಯೇ ಇಡಿ, ಪಕ್ಕಕ್ಕೆ ಕೂಡ ಬೇಡ" ಎಂದ. ಈ ಒಂದು ಮಾತಿನಲ್ಲಿ ಮೇರಿ ಲೀಕಿಯವರ ಶಾಸ್ತ್ರ ಪೂರ್ತಿ ಇದೆ ಎಂಬುದು ನನಗೆ ಹೊಳೆದದ್ದು ಆಮೇಲೆ, ವಸ್ತುಸಂಗ್ರಹಾಲಯದ ಒಳಗೆ.

ಆ ದಿನ ನಡೆದದ್ದು ಹೀಗೆ. ಉತ್ಖನನವನ್ನು ಚಿತ್ರೀಕರಿಸಲು ಛಾಯಾಗ್ರಾಹಕರೊಬ್ಬರು ಬರಬೇಕಾಗಿದ್ದುದರಿಂದ ಅಗೆಯುವ ಕೆಲಸವನ್ನು ನಿಲ್ಲಿಸಿದ್ದರು. ಲೂಯಿ ಜ್ವರ ಬಂದು ಬಿಡಾರದಲ್ಲಿ ಮಲಗಿದ್ದರು. ಮೇರಿ ತಮ್ಮ ಡಾಲ್ಮೇಷನ್ ನಾಯಿಗಳೊಂದಿಗೆ ಸುಮ್ಮನೆ ನೋಡಿಕೊಂಡು ಬರಲು ಹೊರಟರು. ಇಳಿಜಾರಿನ ಮಣ್ಣಿನಿಂದ ಹೊರಗೆ ಇಣುಕುತ್ತಿದ್ದ ಮೂಳೆಯ ತುಂಡು ಕಣ್ಣಿಗೆ ಬಿತ್ತು. ಮಣ್ಣನ್ನು ಮೆಲ್ಲಗೆ ಸವರಿದರೆ ಮೇಲ್ದವಡೆಯಲ್ಲಿ ಎರಡು ದೊಡ್ಡ ಹಲ್ಲುಗಳು. ಲ್ಯಾಂಡ್ ರೋವರನ್ನು ಓಡಿಸಿಕೊಂಡು ಬಿಡಾರಕ್ಕೆ ಬಂದು, ಸಿಕ್ಕಿದ ಎಂದು ಕೂಗಿದರು. ಲೂಯಿ ಜ್ವರವನ್ನು ಮರೆತು ಎದ್ದು ಬಂದರು. ಹಲ್ಲನ್ನು ನೋಡಿ, ತಾವು ಹುಡುಕುತ್ತಿದ್ದ ಮಾನವಕುಲದವನು ಇವನಲ್ಲ ಎಂದು ಮೊದಲು ಮುಖ ಸಣ್ಣದು ಮಾಡಿಕೊಂಡರಂತೆ. ಆ ಕೊರಕಲಿಗೆ ಎಫ್‌ಎಲ್‌ಕೆ ಎಂದು ಹೆಸರು. ಅದರ ಬಿಡಿಸಿದ ರೂಪ ಫ್ರೀಡಾ ಲೀಕಿ ಕೊರೊಂಗೊ, ಎಂದರೆ ಫ್ರೀಡಾ ಲೀಕಿಯ ಕೊರಕಲು. ಫ್ರೀಡಾ ಎಂಬುವರು ಲೂಯಿಯವರ ಮೊದಲ ಹೆಂಡತಿ. ಸವತಿಯ ಹೆಸರಿನ ನೆಲದಲ್ಲಿ ಮೇರಿಗೆ ಜೀವನದ ದೊಡ್ಡ ಶೋಧ ಸಿಕ್ಕಿತು ಎಂದು ನನ್ನ ಹೆಂಡತಿ ಹೇಳಿದಾಗ, ಅದನ್ನು ಇಂಗ್ಲಿಷಿನಲ್ಲಿ ಮಾರ್ಗದರ್ಶಿಗೆ ವಿವರಿಸುವಷ್ಟರಲ್ಲಿ ನನಗೆ ಸಾಕಾಯಿತು. ಸವತಿ ಎಂಬುದಕ್ಕೆ ಆ ಭಾಷೆಯಲ್ಲಿ ಸರಿಯಾದ ಪದವಿಲ್ಲ. ಮಾಸಾಯಿಗಳಿಗೆ ವಿವರಣೆಯೇ ಬೇಕಿಲ್ಲ, ಅವನು ಥಟ್ಟನೆ ಹಿಡಿದುಕೊಂಡ.

ಸುಮಾರು 400 ಚೂರುಗಳನ್ನು ಜರಡಿ ಹಿಡಿದು ಆರಿಸಿ ಕೂಡಿಸಿದ ಆ ಬುರುಡೆಗೆ ಪೂರ್ವ ಆಫ್ರಿಕದ ಕರಾವಳಿಯ ಹಳೆಯ ಅರಬ್ಬಿ ಹೆಸರಿನಿಂದ ಜಿಂಜಾಂತ್ರೊಪಸ್ ಎಂದೂ, ಹಣ ಕೊಟ್ಟ ಚಾರ್ಲ್ಸ್ ಬಾಯ್ಸ್ ನೆನಪಿಗೆ ಬಾಯ್ಸೈ ಎಂದೂ ಹೆಸರಿಟ್ಟರು. ಈಗ ಅದನ್ನು ಪ್ಯಾರಾಂತ್ರೊಪಸ್ ಬಾಯ್ಸೈ ಎನ್ನುತ್ತಾರೆ. ಅದು ನಮ್ಮ ನೇರ ಪೂರ್ವಜನಲ್ಲ, ಕವಲೊಡೆದು ಅಳಿದುಹೋದ ದಾಯಾದಿ. ಹಾಗಿದ್ದರೂ ಅದರ ಮಹತ್ವ ಕಡಿಮೆಯಾಗಲಿಲ್ಲ, ಏಕೆಂದರೆ ಅದರ ವಯಸ್ಸು ಎಲ್ಲರ ಲೆಕ್ಕವನ್ನೂ ಕೆಡಿಸಿತು. ಲೂಯಿ ಊಹಿಸಿದ್ದು 6 ಲಕ್ಷ ವರ್ಷ. 1961ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳಾದ ಜ್ಯಾಕ್ ಎವರ್ನ್‌ಡೆನ್ ಮತ್ತು ಗಾರ್ನಿಸ್ ಕರ್ಟಿಸ್ ಅಲ್ಲಿನ ಬೂದಿಪದರವನ್ನು ಪೊಟ್ಯಾಸಿಯಮ್–ಆರ್ಗಾನ್ ವಿಧಾನದಿಂದ ಅಳೆದು 17.5 ಲಕ್ಷ ವರ್ಷ ಎಂದರು. ಕರಗಿದ ಶಿಲೆಯಲ್ಲಿ ಆರ್ಗಾನ್ ಅನಿಲ ಉಳಿಯದೆ ಹಾರಿಹೋಗುತ್ತದೆ. ಶಿಲೆ ತಣ್ಣಗಾದ ಕ್ಷಣದಿಂದ ಅದರೊಳಗಿನ ಪೊಟ್ಯಾಸಿಯಮ್‌ನ ಒಂದು ಅಂಶ ಬಹು ನಿಧಾನವಾಗಿ, ಗೊತ್ತಾದ ಗತಿಯಲ್ಲಿ ಆರ್ಗಾನ್ ಆಗುತ್ತ ಹೋಗುತ್ತದೆ. ಎಷ್ಟು ಆರ್ಗಾನ್ ಕೂಡಿದೆ ಎಂದು ಅಳೆದರೆ ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಮಾನವನ ಕಥೆ ಇಷ್ಟು ಹಿಂದಕ್ಕೆ, ಅದೂ ಆಫ್ರಿಕದಲ್ಲಿ, ಚಾಚಿಕೊಂಡಿದೆ ಎಂಬುದನ್ನು ವಿದ್ವತ್ಪ್ರಪಂಚ ಒಪ್ಪಲೇಬೇಕಾಯಿತು. ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಹಣ ಹರಿದುಬಂದದ್ದು, ವರ್ಷಕ್ಕೆ ಕೆಲವು ವಾರಗಳ ಕೆಲಸ ವರ್ಷವಿಡೀ ನಡೆಯುವ ಕೆಲಸವಾದದ್ದು ಈ ಬುರುಡೆಯ ಬಲದಿಂದ.

ಈಗಿನ ವಸ್ತುಸಂಗ್ರಹಾಲಯದ ಕಟ್ಟಡ ತೆರೆದದ್ದು 2017ರಲ್ಲಿ; ಅದರ ಮೂಲ, 1970ರ ದಶಕದ ಕೊನೆಯಲ್ಲಿ ಮೇರಿ ಇಲ್ಲಿಯೇ ಆರಂಭಿಸಿದ ಪುಟ್ಟ ಸಂಗ್ರಹ. ಒಳಗೆ ತಂಪಾಗಿದೆ, ಬೆಳಕು ಹದವಾಗಿದೆ, ಗೋಡೆಬರಹಗಳು ನಿಂತು ಓದುವಷ್ಟು ಚಿಕ್ಕವಾಗಿವೆ. ಅಳಿದುಹೋದ ಪ್ರಾಣಿಗಳ ಪಳೆಯುಳಿಕೆಗಳ ಮುಂದೆ ಮಕ್ಕಳು ನಿಲ್ಲುತ್ತಾರೆ. ನಾನು ನಿಂತದ್ದು ಕಲ್ಲಿನ ಉಪಕರಣಗಳ ಮುಂದೆ. ಮೊದಲ ನೋಟಕ್ಕೆ ಅವು ಹೊಳೆದಂಡೆಯಲ್ಲಿ ಬಿದ್ದಿರುವ ಒಡಕು ಕಲ್ಲುಗಳೇ. ಒಂದು ಉಂಡೆಗಲ್ಲಿನ ಅಂಚಿಗೆ ಎರಡು ಮೂರು ಏಟು ಹಾಕಿ ಚಕ್ಕೆ ಎಬ್ಬಿಸಿದ್ದಾರೆ, ಅಷ್ಟೆ. ಇಂತಹ ಸಾವಿರಾರು ಕಲ್ಲುಗಳನ್ನು ಒಂದೊಂದಾಗಿ ಅಳೆದು, ಬರೆದು, ಆಕಾರ ಮತ್ತು ಬಳಕೆಗೆ ತಕ್ಕಂತೆ ವಿಂಗಡಿಸಿ, ಯಾವ ಪದರದಲ್ಲಿ ಯಾವ ಬಗೆ ಎಷ್ಟು ಎಂದು ಮೇರಿ ಪಟ್ಟಿಮಾಡಿದ ಸಂಪುಟ 1971ರಲ್ಲಿ ಪ್ರಕಟವಾಯಿತು. ಓಲ್ಡೊವನ್ ಎಂದು ಇಂದು ಜಗತ್ತೆಲ್ಲ ಕರೆಯುವ ಆದಿ ಉಪಕರಣ ಪರಂಪರೆಗೆ ಸ್ಪಷ್ಟ ರೂಪ ಬಂದದ್ದು ಅಲ್ಲಿ.

ಎಫ್‌ಎಲ್‌ಕೆಯಲ್ಲಿ ಬುರುಡೆ ಸಿಕ್ಕ ಮಟ್ಟದ ನೆಲವನ್ನು 1960–61ರಲ್ಲಿ ಅವರು ವಿಶಾಲವಾಗಿ ತೆರೆದರು. ಸಿಕ್ಕ 2,400ಕ್ಕೂ ಹೆಚ್ಚು ಕಲ್ಲುಗಳನ್ನೂ ಅಷ್ಟಕ್ಕಿಂತ ಹೆಚ್ಚಿನ ಮೂಳೆಚೂರುಗಳನ್ನೂ ಕಿತ್ತು ಬುಟ್ಟಿಗೆ ತುಂಬದೆ, ಪ್ರತಿಯೊಂದೂ ಬಿದ್ದಿದ್ದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದರು. ಅಷ್ಟು ಹಳೆಯ ನೆಲವನ್ನು ಆ ಮೊದಲು ಅಷ್ಟು ಜತನದಿಂದ ಯಾರೂ ಬಿಡಿಸಿರಲಿಲ್ಲ. ಲೂಯಿಗೆ ವೇದಿಕೆ, ಭಾಷಣ, ಹೊಸ ಹೆಸರುಗಳು ಇಷ್ಟ; ಮೇರಿಗೆ ಜರಡಿ, ದಾರ, ಪೆನ್ಸಿಲ್ ಮತ್ತು ಚುಟ್ಟಾ. ಇಬ್ಬರಲ್ಲಿ ಯಾರು ದೊಡ್ಡವರು ಎಂದು ಕೇಳಿದರೆ ನಾನು ಮೇರಿಯ ಕಡೆಗೇ ವಾಲುತ್ತೇನೆ. ಲೂಯಿಯ ಎಷ್ಟೋ ಹೆಸರುಗಳು ಬಿದ್ದುಹೋದವು, ಮೇರಿಯ ನಕ್ಷೆಗಳನ್ನು ಇಂದಿನ ಸಂಶೋಧಕರೂ ಬಿಡಿಸಿ ಕೂರುತ್ತಾರೆ. ಅವರ ತೀರ್ಮಾನಗಳೆಲ್ಲ ನಿಂತಿವೆ ಎಂದಲ್ಲ. ಡಿಕೆ ಎಂಬ ನೆಲೆಯಲ್ಲಿ ಕಂಡ ಕಲ್ಲುಗಳ ವರ್ತುಲವನ್ನು ಗುಡಿಸಲಿನ ಬುಡ ಎಂದು ಅವರು ಭಾವಿಸಿದ್ದರು. ಈಗ ಬಹಳ ಮಂದಿ ಅದನ್ನು ಒಪ್ಪುವುದಿಲ್ಲ. ಎಫ್‌ಎಲ್‌ಕೆಯನ್ನು ವಾಸದ ನೆಲ ಎಂದು ಕರೆದದ್ದೂ ಚರ್ಚೆಗೆ ಒಳಗಾಗಿದೆ. ಆದರೆ ಅವರನ್ನು ಅಲ್ಲಗಳೆಯಲು ಬೇಕಾದ ಸಾಕ್ಷ್ಯವನ್ನೂ ಅವರೇ ನಕ್ಷೆಯಲ್ಲಿ ಬಿಟ್ಟುಹೋಗಿದ್ದಾರೆ. ಹೊರಗೆ ನಾನು ಎತ್ತಿದ ಕಲ್ಲನ್ನು ಆ ಯುವಕ ಅದೇ ಜಾಗದಲ್ಲಿ ಏಕೆ ಇಡಿಸಿದ ಎಂಬುದು ಇಲ್ಲಿ ಅರ್ಥವಾಯಿತು.

ಈ ಕಲ್ಲುಗಳ ಮುಂದೆ ನಿಂತಾಗ ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆ ನೆನಪಾಗದೆ ಇರಲಿಲ್ಲ. ಅಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಳ ಕಾಲ ಹೊಲ ಹೊಲ ತಿರುಗಿ ಹಳೆ ಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ ಸುಣ್ಣಕಲ್ಲಿನ ಹಾಸಿನಿಂದಲೇ ಕೈಗೊಡಲಿಗಳನ್ನು ಒಡೆದು ಮಾಡುತ್ತಿದ್ದ ಜಾಗಕ್ಕೆ ಸುಮಾರು 12 ಲಕ್ಷ ವರ್ಷ ಎಂಬ ಕಾಲಮಾನ ಬಂದಿದೆ. ಓಲ್ಡುಪಾಯ್‌ನ ಎರಡನೆಯ ಪದರದಿಂದ ಮೇಲಕ್ಕೆ ಕಾಣಿಸಿಕೊಳ್ಳುವ ಕೈಗೊಡಲಿಗಳದೂ ಇಸಾಂಪುರದವುಗಳದೂ ಒಂದೇ ಪರಂಪರೆ. ಗಾಜಿನ ಹಿಂದಿನ ಕೈಗೊಡಲಿಯನ್ನು ನೋಡಿ "ಮಾವಾ, ಇದು ನೀರಿನ ಹನಿಯ ತರಹ ಇದೆ" ಎಂದು ಹುಡುಗಿ ಹೇಳಿದಳು. ಆಕಾರಕ್ಕೆ ಅದಕ್ಕಿಂತ ಒಳ್ಳೆಯ ಹೋಲಿಕೆ ನನಗೂ ತೋಚಲಿಲ್ಲ.

ವಸ್ತುಸಂಗ್ರಹಾಲಯದಲ್ಲಿ ಅತ್ಯಂತ ಹೆಚ್ಚು ಹೊತ್ತು ಬೇಡುವುದು ಲೇಟೊಲಿಯ ಹೆಜ್ಜೆಗುರುತುಗಳ ಭಾಗ. ಲೇಟೊಲಿ ಇಲ್ಲಿಂದ ದಕ್ಷಿಣಕ್ಕೆ ಸುಮಾರು 45 ಕಿಲೋಮೀಟರು. 1972ರಲ್ಲಿ ಲೂಯಿ ತೀರಿಕೊಂಡ ಮೇಲೆ, 60 ವರ್ಷ ದಾಟಿದ್ದ ಮೇರಿ ಅಲ್ಲಿ ಹೊಸದಾಗಿ ಕೆಲಸ ಹೂಡಿದರು. 1976ರಲ್ಲಿ ಅವರ ಬಿಡಾರಕ್ಕೆ ಬಂದಿದ್ದ ವಿಜ್ಞಾನಿಗಳು ಸಂಜೆ ಹೊತ್ತಿಗೆ ಆನೆಯ ಒಣ ಲದ್ದಿಯನ್ನು ಒಬ್ಬರ ಮೇಲೊಬ್ಬರು ಎಸೆದು ಆಡುತ್ತಿದ್ದಾಗ, ತಪ್ಪಿಸಿಕೊಳ್ಳಲು ಹೋಗಿ ನೆಲಕ್ಕೆ ಬಿದ್ದ ಆಂಡ್ರೂ ಹಿಲ್ ಅವರ ಕಣ್ಣಮುಂದೆ ಗಟ್ಟಿಯಾದ ಬೂದಿಯಲ್ಲಿ ಪ್ರಾಣಿಗಳ ಹೆಜ್ಜೆಗಳಿದ್ದವು. ಎರಡು ವರ್ಷದ ನಂತರ ಪಾಲ್ ಏಬೆಲ್ ಅವರಿಗೆ ಮನುಷ್ಯನದರಂತಹ ಹಿಮ್ಮಡಿಯ ಗುರುತು ಸಿಕ್ಕಿತು. ಮೇರಿಯವರ ತಂಡದ ನುರಿತ ಕೈ ಎನ್‌ಡಿಬೋ ಎಂಬುಯಿಕಾ ಅಲ್ಲಿ ಅಗೆದು ಸಾಲು ಮುಂದುವರಿದಿರುವುದನ್ನು ತೋರಿಸಿದರು. ಕೊನೆಗೆ ತೆರೆದುಕೊಂಡದ್ದು 27 ಮೀಟರಿನಷ್ಟು ಉದ್ದಕ್ಕೆ ಸುಮಾರು 70 ಹೆಜ್ಜೆಗಳು, ವಯಸ್ಸು 36 ಲಕ್ಷ ವರ್ಷಕ್ಕೂ ಮೇಲೆ. ಜ್ವಾಲಾಮುಖಿಯ ಬೂದಿ ಬಿತ್ತು, ಮಳೆ ಹನಿಯಿತು, ಒದ್ದೆ ಬೂದಿಯ ಮೇಲೆ ಅವರು ನಡೆದರು, ಬೂದಿ ಗಾರೆಯಂತೆ ಬಿಗಿಯಿತು, ಮತ್ತೆ ಬೂದಿ ಬಿದ್ದು ಮುಚ್ಚಿತು. ನೆಟ್ಟಗೆ ಎರಡು ಕಾಲಿನ ಮೇಲೆ ನಡೆಯುವುದನ್ನು ನಮ್ಮ ಪೂರ್ವಜರು ಕಲ್ಲು ಒಡೆಯಲು ಕಲಿಯುವುದಕ್ಕಿಂತ, ಮಿದುಳು ದೊಡ್ಡದಾಗುವುದಕ್ಕಿಂತ ಬಹಳ ಮೊದಲೇ ಕಲಿತಿದ್ದರು ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಇನ್ನೊಂದಿಲ್ಲ.

ಇಲ್ಲಿರುವುದು ಆ ಸಾಲಿನ ಒಂದು ಭಾಗದ ಅಚ್ಚು. ಹೆಬ್ಬೆರಳು ಉಳಿದ ಬೆರಳುಗಳ ಜೊತೆಯಲ್ಲಿಯೇ ಮುಂದಕ್ಕೆ ಚಾಚಿದೆ, ವಾನರರಂತೆ ಪಕ್ಕಕ್ಕೆ ಸಿಡಿದಿಲ್ಲ. ಹಿಮ್ಮಡಿ ಆಳವಾಗಿ ಊರಿದೆ. ಚಿಕ್ಕ ಹೆಜ್ಜೆ ಸುಮಾರು 18 ಸೆಂಟಿಮೀಟರು. ಪಕ್ಕದಲ್ಲಿ ದೊಡ್ಡ ಹೆಜ್ಜೆ; ಅದರೊಳಗೇ ಮೂರನೆಯವರೊಬ್ಬರು ಕಾಲಿಟ್ಟುಕೊಂಡು ನಡೆದ ಗುರುತು. ಹುಡುಗಿ ಚಪ್ಪಲಿ ಬಿಟ್ಟು, ಅಚ್ಚಿನ ಪಕ್ಕದ ನೆಲದ ಮೇಲೆ ತನ್ನ ಪಾದವಿಟ್ಟು ನೋಡಿಕೊಂಡಳು, ಅವಳದೇ ಉದ್ದವಾಗಿತ್ತು. ಆ ಚಿಕ್ಕವರು ಒಂದೆಡೆ ನಿಂತು, ಎಡಕ್ಕೆ ತಿರುಗಿ ನೋಡಿ, ಮತ್ತೆ ಮುಂದೆ ನಡೆದಂತಿದೆ ಎಂದು ಮೇರಿ ಬರೆದಿದ್ದರು. ಅಳತೆ ಮೀರಿ ಮಾತಾಡದ ಆ ಹೆಂಗಸು ಊಹೆಗೆ ಇಷ್ಟು ಎಡೆ ಕೊಟ್ಟದ್ದು ಅಪರೂಪ.

ಅಚ್ಚನ್ನು ಮಾತ್ರ ತೋರಿಸುತ್ತಾರೆ, ಅಸಲನ್ನು ತೋರಿಸುವುದಿಲ್ಲ ಎಂದು ಕೆಲವು ಪ್ರವಾಸಿಗರು ಗೊಣಗುವುದನ್ನು ಕೇಳಿದೆ. ಈ ದೂರಿನಲ್ಲಿ ಹುರುಳಿಲ್ಲ. 1979ರಲ್ಲಿ ಮರಳು ಮತ್ತು ಕಲ್ಲುಗಳಿಂದ ಮುಚ್ಚಿದ ಆ ಸಾಲಿನ ಮೇಲೆ, ಮರಳಿನಲ್ಲಿದ್ದ ಬೀಜಗಳಿಂದ ಜಾಲಿಮರಗಳೆದ್ದು ಬೇರುಗಳು ಹೆಜ್ಜೆಗಳನ್ನು ಸೀಳತೊಡಗಿದವು. 1990ರ ದಶಕದ ನಡುವೆ ತಾಂಜಾನಿಯದ ಪುರಾತತ್ತ್ವ ಇಲಾಖೆ ಮತ್ತು ಗೆಟ್ಟಿ ಸಂರಕ್ಷಣಾ ಸಂಸ್ಥೆ ಸೇರಿ ಬೇರುಗಳನ್ನು ತೆಗೆದು, ಬೇರು ಇಳಿಯದಂತೆ ತಡೆಯುವ ಹಾಸು ಹಾಸಿ ಮತ್ತೆ ಹೂತವು. ನೋಡಲು ಸಿಗದಿರುವುದೇ ಅವುಗಳ ಕ್ಷೇಮ. ಜಿಂಜಾಂತ್ರೊಪಸ್ ಬುರುಡೆಯ ಅಸಲೂ ಇಲ್ಲಿಲ್ಲ, ದಾರ್ ಎಸ್ ಸಲಾಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ವಶದಲ್ಲಿದೆ. ಇಲ್ಲಿ ಅಸಲಾಗಿರುವುದು ನೆಲ.

ಮೇರಿಯವರ ಸ್ವಭಾವದ ಒರಟು ಮುಖವನ್ನು ಮುಚ್ಚಿಡಬೇಕಾಗಿಲ್ಲ. ಲೇಟೊಲಿಯಲ್ಲಿ ಮೌಂಡು ಮುಲುಯಿಲಾ ಕಂಡ ದವಡೆಯನ್ನು ಮಾದರಿಯಾಗಿಟ್ಟುಕೊಂಡು, ಇಥಿಯೋಪಿಯದಲ್ಲಿ ಸಿಕ್ಕ, ಲೂಸಿ ಎಂದು ಹೆಸರಾದ ಅಸ್ಥಿಪಂಜರವನ್ನೂ ಸೇರಿಸಿ, ಡೊನಾಲ್ಡ್ ಜೊಹಾನ್ಸನ್ ಮತ್ತು ಸಂಗಡಿಗರು 1978ರಲ್ಲಿ ಆಸ್ಟ್ರಲೋಪಿತೆಕಸ್ ಅಫಾರೆನ್ಸಿಸ್ ಎಂಬ ಹೆಸರು ಕೊಟ್ಟಾಗ, ಅದನ್ನು ಒಪ್ಪದ ಮೇರಿ ಪ್ರಬಂಧದಿಂದ ತಮ್ಮ ಹೆಸರನ್ನು ತೆಗೆಸಿಹಾಕಿದರು. ಇಂದಿನ ಬಹುಮತ ಜೊಹಾನ್ಸನ್ ಕಡೆಗಿದೆ. ಲೇಟೊಲಿಯ ಹೆಜ್ಜೆಗಳನ್ನೂ ಸಾಮಾನ್ಯವಾಗಿ ಆ ಜಾತಿಗೇ ಸೇರಿಸುತ್ತಾರೆ. ಇನ್ನೊಂದು ಕಡೆ, 1960ರಲ್ಲಿ ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ಕಮೋಯಾ ಕಿಮೇಯು ಮುಂದೆ, 1984ರಲ್ಲಿ, ತುರ್ಕಾನಾ ಸರೋವರದ ದಡದಲ್ಲಿ ಹೆಚ್ಚುಕಡಿಮೆ ಪೂರ್ಣವಾದ ಬಾಲಕನ ಅಸ್ಥಿಪಂಜರದ ಮೊದಲ ಚೂರನ್ನು ಕಂಡರು. ತಾನೂ ಪಳೆಯುಳಿಕೆಗಳ ಶೋಧಕನಾದ ಮೇರಿಯ ಮಗ ರಿಚರ್ಡ್‌ನ ಕೀರ್ತಿಯ ಅರ್ಧ ಭಾಗ ಕಿಮೇಯು ಅವರ ಕಣ್ಣಿನ ಋಣ. ಮೇರಿ 1983ರಲ್ಲಿ ಈ ಬಿಡಾರವನ್ನು ಬಿಟ್ಟು ನೈರೋಬಿಗೆ ಹೋದರು; 1996ರ ಡಿಸೆಂಬರ್ 9ರಂದು ಅಲ್ಲಿಯೇ ತೀರಿಕೊಂಡರು.

ಐದರಲ್ಲಿ ಅಂಕ ಕೊಡುವುದಾದರೆ ವಸ್ತುಸಂಗ್ರಹಾಲಯಕ್ಕೆ ನಾಲ್ಕೂವರೆ, ಮಾರ್ಗದರ್ಶಿಗೆ ಐದು, ನಮ್ಮ ಪ್ರವಾಸ ಸಂಸ್ಥೆಗೆ ಎರಡು. ಆ ಎರಡೂ ಚಾಲಕನವು. ಹೋಗುವವರು ಓಲ್ಡುಪಾಯ್‌ಗೆ ಕನಿಷ್ಠ ಮೂರು ಗಂಟೆ ಎಂದು ಕಾರ್ಯಕ್ರಮಪಟ್ಟಿಯಲ್ಲಿಯೇ ಬರೆಯಿಸಿಕೊಳ್ಳಬೇಕು. ಫೋನಿನ ಮಾತು ನಡೆಯುವುದಿಲ್ಲ. ಎಫ್‌ಎಲ್‌ಕೆಗೆ ಇಳಿಯುವುದನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಬೇಕು, ಏಕೆಂದರೆ ಮಧ್ಯಾಹ್ನದ ಬಿಸಿಲಿನಲ್ಲಿ ತಳದ ಬೂದುಮಣ್ಣು ಬಾಣಲೆಯಂತೆ ಕಾಯುತ್ತದೆ. ವಿವರಣೆಯನ್ನು ಕೇಳಿ, ಕಮರಿಗೆ ಇಳಿದು ಬಂದು, ಆಮೇಲೆ ವಸ್ತುಸಂಗ್ರಹಾಲಯದ ಒಳಗೆ ಹೋದರೆ ಗಾಜಿನ ಹಿಂದಿನ ಕಲ್ಲುಗಳು ಬೇರೆಯಾಗಿಯೇ ಕಾಣುತ್ತವೆ. ಮುಚ್ಚಿದ ಬೂಟು, ತಲೆಗೆ ಬಟ್ಟೆ, ತಲಾ ಎರಡು ಲೀಟರ್ ನೀರು ಇರಲಿ. ಸಸ್ಯಾಹಾರಿಗಳು ಬುತ್ತಿಯನ್ನು ತಾವೇ ಕಟ್ಟಿಕೊಂಡು ಹೋಗುವುದು ಲೇಸು.